ಕಾಣದ ಕಪ್ಪುಕುಳಿಯನ್ನು ಖಗೋಳ ವಿಜ್ಞಾನಿಗಳು ಪತ್ತೆ ಹಚ್ಚುವುದು ಹೇಗೆ?

ಪ್ರಶ್ನೆ: ಕಪ್ಪುಕುಳಿಯಿಂದ ಬೆಳಕು ಕೂಡ ಹೊರಬರುವುದಿಲ್ಲ ಎನ್ನುತ್ತಾರೆ. ಹಾಗಿದ್ದರೆ ಕತ್ತಲೆಯ ಆಕಾಶದಲ್ಲಿ ಅದು ಇಂಥ ಕಡೆ ಇದೆ ಎಂದು ವಿಜ್ಞಾನಿಗಳು ಅಷ್ಟು ಖಚಿತವಾಗಿ ಹೇಗೆ ಹೇಳುತ್ತಾರೆ? 2019ರಲ್ಲಿ ಪ್ರಕಟವಾದ ಚಿತ್ರ ನಿಜವಾದ ಛಾಯಾಚಿತ್ರವೇ? ಸುತ್ತ ಏನೂ ಇಲ್ಲದೆ ಒಂಟಿಯಾಗಿರುವ ಕಪ್ಪುಕುಳಿಯನ್ನು ಕಂಡುಹಿಡಿಯಲು ಸಾಧ್ಯವೇ?

ಉತ್ತರ: ಕಪ್ಪುಕುಳಿಯ ಒಳಗಿನಿಂದ ಯಾವ ಸಂಕೇತವೂ ನಮ್ಮನ್ನು ತಲುಪುವುದಿಲ್ಲವೆಂಬ ನಿಮ್ಮ ತಿಳಿವಳಿಕೆ ಸರಿಯಾಗಿದೆ. ಆದರೆ ಅದರ ಗುರುತ್ವ ಹೊರಗೂ ಹರಡಿರುತ್ತದೆ. ಅದನ್ನು ಬಚ್ಚಿಡುವುದು ಯಾವ ಕಾಯಕ್ಕೂ ಸಾಧ್ಯವಿಲ್ಲ. ಹೀಗಾಗಿ ಖಗೋಳ ವಿಜ್ಞಾನಿಗಳು ಯಾವ ವಿಧಾನವನ್ನು ಹಿಡಿದರೂ ಕೊನೆಗೆ ಅಳೆಯುವುದು ಎರಡೇ ಸಂಗತಿಗಳನ್ನು: ಒಂದೆಡೆ ಎಷ್ಟು ದ್ರವ್ಯರಾಶಿ ಇದೆ, ಮತ್ತು ಅದು ಎಷ್ಟು ಕಿರಿದಾದ ಜಾಗದಲ್ಲಿ ಅಡಕವಾಗಿದೆ. ಈ ಎರಡು ಅಳತೆಗಳು ಸಿಕ್ಕ ಮೇಲೆ, ಅಷ್ಟು ದ್ರವ್ಯ ಅಷ್ಟು ಜಾಗದಲ್ಲಿ ಬೇರೆ ಯಾವುದಾದರೂ ರೂಪದಲ್ಲಿ ಇರಬಹುದೇ ಎಂದು ಒಂದೊಂದಾಗಿ ಪರೀಕ್ಷಿಸಿ, ಉಳಿದ ಸಾಧ್ಯತೆಗಳೆಲ್ಲ ಬಿದ್ದುಹೋದ ಬಳಿಕವಷ್ಟೇ ಕಪ್ಪುಕುಳಿ ಎಂಬ ತೀರ್ಮಾನಕ್ಕೆ ಬರಲಾಗುತ್ತದೆ.

ಎಷ್ಟು ಕಿರಿದು ಎಂಬುದಕ್ಕೆ ಒಂದು ಲೆಕ್ಕವಿದೆ. ಒಳಹೊಕ್ಕ ಬೆಳಕು ಮರಳಿ ಬರಲಾಗದ ಗಡಿಯನ್ನು ಘಟನಾ ದಿಗಂತ ಎನ್ನುತ್ತಾರೆ. ಸೂರ್ಯನಷ್ಟೇ ದ್ರವ್ಯರಾಶಿಯ, ತಿರುಗದಿರುವ ಕಪ್ಪುಕುಳಿಯಲ್ಲಿ ಇದರ ತ್ರಿಜ್ಯ ಸುಮಾರು 3 ಕಿಲೋಮೀಟರ್. ದ್ರವ್ಯರಾಶಿ ಹತ್ತು ಪಟ್ಟಾದರೆ ತ್ರಿಜ್ಯವೂ ಹತ್ತು ಪಟ್ಟಾಗುತ್ತದೆ. ಇಂಧನ ತೀರಿದ ನಕ್ಷತ್ರಗಳೆಲ್ಲವೂ ಈ ಸ್ಥಿತಿಗೆ ಇಳಿಯುವುದಿಲ್ಲ. ಕೆಲವು ಶ್ವೇತಕುಬ್ಜಗಳೆಂಬ ಪುಟ್ಟ, ಸಾಂದ್ರ ಉಳಿಕೆಗಳಾಗಿ ನಿಲ್ಲುತ್ತವೆ. ಅವುಗಳ ದ್ರವ್ಯರಾಶಿ ಸೂರ್ಯನ 1.4 ಪಟ್ಟನ್ನು ಮೀರಲಾರದೆಂದು ಸುಬ್ರಹ್ಮಣ್ಯನ್ ಚಂದ್ರಶೇಖರ್ 1930ರ ದಶಕದಲ್ಲಿ ತೋರಿಸಿದರು. ಇನ್ನು ಕೆಲವು ಹತ್ತು ಹನ್ನೆರಡು ಕಿಲೋಮೀಟರ್ ತ್ರಿಜ್ಯದ ನ್ಯೂಟ್ರಾನ್ ನಕ್ಷತ್ರಗಳಾಗುತ್ತವೆ. ಅಷ್ಟೊಂದು ಸಾಂದ್ರತೆಯಲ್ಲಿ ವಸ್ತುವಿನ ವರ್ತನೆ ಪೂರ್ತಿಯಾಗಿ ತಿಳಿಯದ ಕಾರಣ ನ್ಯೂಟ್ರಾನ್ ನಕ್ಷತ್ರಗಳ ಗರಿಷ್ಠ ಮಿತಿಯನ್ನು ಕರಾರುವಾಕ್ಕಾಗಿ ಹೇಳಲಾಗದಿದ್ದರೂ, ಅದು ಸೂರ್ಯನ ಮೂರು ಪಟ್ಟನ್ನು ದಾಟುವುದಿಲ್ಲವೆಂಬುದರಲ್ಲಿ ಒಮ್ಮತವಿದೆ. ಆದ್ದರಿಂದ ಬೆಳಗದ, ಚಿಕ್ಕದಾದ, ಮೂರು ಸೂರ್ಯರಿಗಿಂತ ಭಾರವಾದ ಕಾಯವೊಂದು ಕಂಡುಬಂದರೆ ಅದನ್ನು ಕಪ್ಪುಕುಳಿಯೆಂದು ಶಂಕಿಸಲು ಬಲವಾದ ಕಾರಣ ಸಿಕ್ಕಂತೆ. ನಕ್ಷತ್ರಗಾತ್ರದ ಕಪ್ಪುಕುಳಿಗಳ ಕುರಿತ ವಾದವೆಲ್ಲ ಈ ಮೂರು ಎಂಬ ಅಂಕಿಯ ಮೇಲೆಯೇ ನಿಂತಿದೆ.

ದ್ರವ್ಯರಾಶಿಯನ್ನು ಅಳೆಯುವ ಉಪಾಯ ಮಾತ್ರ ಬಹಳ ಹಳೆಯದು. ಇಂಗ್ಲೆಂಡಿನ ಜಾನ್ ಮಿಚೆಲ್ ಎಂಬ ಪಾದ್ರಿ 1783ರಲ್ಲಿಯೇ, ನ್ಯೂಟನ್ನನ ನಿಯಮಗಳನ್ನಷ್ಟೇ ಆಧರಿಸಿ, ಬೆಳಕು ತಪ್ಪಿಸಿಕೊಳ್ಳಲಾಗದಷ್ಟು ಭಾರವಾದ ನಕ್ಷತ್ರಗಳಿರಬಹುದೆಂದು ಊಹಿಸಿದ್ದ. ಅಂಥ ನಕ್ಷತ್ರ ಕಾಣದಿದ್ದರೂ ಅದನ್ನು ಸುತ್ತುವ ಹೊಳೆಯುವ ಸಂಗಾತಿಯ ಚಲನೆಯಿಂದ ಅದರ ಇರವನ್ನು ತಿಳಿಯಬಹುದೆಂದೂ ಬರೆದಿದ್ದ. ಇಂದಿಗೂ ನಡೆಯುತ್ತಿರುವುದು ಇದೇ. ಆಕಾಶದ ನಕ್ಷತ್ರಗಳಲ್ಲಿ ಬಹಳಷ್ಟು ಜೋಡಿಗಳಾಗಿವೆ. ಜೋಡಿಯಲ್ಲಿ ಒಂದು ಕಾಣದಿದ್ದರೂ, ಕಾಣುವ ನಕ್ಷತ್ರ ನಮ್ಮತ್ತ ಬರುವಾಗ ಅದರ ರೋಹಿತದ (ಬಣ್ಣಗಳಾಗಿ ಬಿಡಿಸಿದ ಬೆಳಕಿನ) ಗೆರೆಗಳು ನೀಲಿಯ ಕಡೆಗೂ, ದೂರ ಸರಿಯುವಾಗ ಕೆಂಪಿನ ಕಡೆಗೂ ಜರುಗುತ್ತವೆ. ಈ ಜರುಗುವಿಕೆಯಿಂದ ವೇಗವೂ, ಅದು ಮರುಕಳಿಸುವ ಅವಧಿಯಿಂದ ಕಕ್ಷೆಯ ಕಾಲವೂ ಸಿಗುತ್ತವೆ. ಇವೆರಡನ್ನು ಕೂಡಿಸಿದರೆ ಕಾಣದ ಸಂಗಾತಿ ಕನಿಷ್ಠ ಎಷ್ಟು ಭಾರವಿರಬೇಕೆಂದು ಲೆಕ್ಕ ಹಾಕಬಹುದು. ಕಕ್ಷೆ ನಮ್ಮ ದೃಷ್ಟಿರೇಖೆಗೆ ಎಷ್ಟು ಓರೆಯಾಗಿದೆ ಎಂಬುದು ತಿಳಿಯದಿದ್ದಾಗ ಸಿಗುವುದು ಕನಿಷ್ಠ ಮಿತಿ ಮಾತ್ರ. ಆದರೆ ಕೆಲವೊಮ್ಮೆ ಆ ಕನಿಷ್ಠ ಮಿತಿಯೇ ಸಾಕಾಗುತ್ತದೆ. ವಿ404 ಸಿಗ್ನಿ ಎಂಬ ಜೋಡಿಯಲ್ಲಿ ಸಾಧಾರಣ ನಕ್ಷತ್ರವೊಂದು ಆರೂವರೆ ದಿನಗಳಿಗೊಮ್ಮೆ ಸುತ್ತು ಹಾಕುತ್ತಿದ್ದು, ಅದರ ವೇಗ ಸೆಕೆಂಡಿಗೆ ಸುಮಾರು 210 ಕಿಲೋಮೀಟರ್ ಏರಿಳಿಯುತ್ತದೆಂದು 1992ರಲ್ಲಿ ಅಳೆದಾಗ, ಕಾಣದ ಸಂಗಾತಿಯ ಕನಿಷ್ಠ ತೂಕ ಆರು ಸೂರ್ಯರಷ್ಟೆಂದು ತಿಳಿಯಿತು. ಓರೆ ಎಷ್ಟೇ ಇರಲಿ, ಮೂರರ ಗಡಿ ಅಲ್ಲಿ ಆಗಲೇ ದಾಟಿಹೋಗಿತ್ತು.

ಆದರೆ ಕೋಟ್ಯಂತರ ನಕ್ಷತ್ರಗಳಲ್ಲಿ ಯಾವುದನ್ನು ಅಳೆಯಬೇಕೆಂದು ತಿಳಿಯುವುದು ಹೇಗೆ? ಇಲ್ಲಿ ಎಕ್ಸ್-ಕಿರಣಗಳು ದಾರಿ ತೋರಿಸಿದವು. ಸಂಗಾತಿ ನಕ್ಷತ್ರದ ಅನಿಲ ಕಪ್ಪುಕುಳಿಯತ್ತ ಹರಿಯುವಾಗ ನೇರವಾಗಿ ಒಳಗೆ ಬೀಳದೆ ಸುತ್ತುತ್ತಾ ಚಪ್ಪಟೆಯಾದ ತಟ್ಟೆಯ ಆಕಾರ ತಾಳುತ್ತದೆ. ತಟ್ಟೆಯ ಒಳಪದರಗಳು ಹೊರಪದರಗಳಿಗಿಂತ ವೇಗವಾಗಿ ತಿರುಗುವುದರಿಂದ ಅವುಗಳ ನಡುವಿನ ತಿಕ್ಕಾಟದಲ್ಲಿ ಅನಿಲ ಲಕ್ಷಾಂತರ, ಕೋಟ್ಯಂತರ ಡಿಗ್ರಿಗಳವರೆಗೆ ಕಾದು ಎಕ್ಸ್-ಕಿರಣಗಳನ್ನು ಸೂಸುತ್ತದೆ. ಹೈಡ್ರೋಜನ್ ಹೀಲಿಯಂ ಆಗುವ ಸಮ್ಮಿಲನದಲ್ಲಿ ದ್ರವ್ಯರಾಶಿಯ ಶೇ. 0.7ರಷ್ಟು ಮಾತ್ರ ಶಕ್ತಿಯಾಗಿ ಬದಲಾದರೆ, ಇಲ್ಲಿ ಕನಿಷ್ಠ ಶೇ. 6ರಷ್ಟು ಬದಲಾಗಬಲ್ಲದು, ಕಪ್ಪುಕುಳಿ ವೇಗವಾಗಿ ತಿರುಗುತ್ತಿದ್ದರೆ ಇನ್ನೂ ಹೆಚ್ಚು. ಕಪ್ಪುಕುಳಿಯ ಅಂಚು ವಿಶ್ವದ ಅತ್ಯಂತ ಪ್ರಖರ ಜಾಗಗಳಲ್ಲೊಂದಾಗುವ ವಿಪರ್ಯಾಸಕ್ಕೆ ಕಾರಣ ಇದೇ.

ಎಕ್ಸ್-ಕಿರಣಗಳನ್ನು ಭೂಮಿಯ ವಾತಾವರಣ ಹೀರಿಕೊಳ್ಳುವುದರಿಂದ ಉಪಕರಣವನ್ನು ಮೇಲಕ್ಕೆ ಕಳುಹಿಸಲೇಬೇಕು. 1964ರಲ್ಲಿ ರಾಕೆಟ್ ಒಂದರಲ್ಲಿ ಹಾರಿಸಿದ ಉಪಕರಣಗಳು ರಾಜಹಂಸ ನಕ್ಷತ್ರಪುಂಜದ ದಿಕ್ಕಿನಲ್ಲಿ ಪ್ರಬಲವಾದ ಆಕರವೊಂದನ್ನು ಗುರುತಿಸಿದವು. ಅದಕ್ಕೆ ಸಿಗ್ನಸ್ ಎಕ್ಸ್-1 ಎಂದು ಹೆಸರಾಯಿತು. 1970ರ ಡಿಸೆಂಬರಿನಲ್ಲಿ ಕೆನ್ಯಾದ ಕರಾವಳಿಯಿಂದ ಉಡಾವಣೆಗೊಂಡ ಉಹುರು ಉಪಗ್ರಹ ಆ ಕಿರಣಗಳು ಸೆಕೆಂಡಿಗಿಂತ ಬಹಳ ಕಡಿಮೆ ಅವಧಿಯಲ್ಲಿ ಮಿನುಗುತ್ತಿರುವುದನ್ನು ತೋರಿಸಿತು. ಮಿನುಗು ಮಿಲಿಸೆಕೆಂಡುಗಳಷ್ಟು ಚುರುಕಾಗಿದೆಯೆಂದು ಮುಂದೆ ತಿಳಿಯಿತು. ಈ ಮಿನುಗು ಬಹಳ ಮುಖ್ಯವಾದ ಸುಳಿವು. ಯಾವುದೇ ಆಕರದ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆಳಕು ಹೋಗಲು ಹಿಡಿಯುವ ಸಮಯಕ್ಕಿಂತ ಬೇಗನೆ ಆ ಆಕರ ಒಟ್ಟಾರೆಯಾಗಿ ತನ್ನ ಪ್ರಖರತೆಯನ್ನು ಬದಲಿಸಲಾರದು. ಒಂದು ಮಿಲಿಸೆಕೆಂಡಿನಲ್ಲಿ ಬೆಳಕು ಸಾಗುವುದು 300 ಕಿಲೋಮೀಟರ್ ಮಾತ್ರ. ಅಂದರೆ ಮಿನುಗುವ ಜಾಗ ಕೆಲವು ನೂರು ಕಿಲೋಮೀಟರುಗಳ ಅಳತೆಯದು. ಜಾಗದ ಅಳತೆ ಹೀಗೆ ಸಿಕ್ಕಿತು. ಇನ್ನು ದ್ರವ್ಯರಾಶಿ: ಅದೇ ಸ್ಥಾನದಲ್ಲಿರುವ ನೀಲಿ ದೈತ್ಯ ನಕ್ಷತ್ರವೊಂದು ಕಾಣದ ಸಂಗಾತಿಯೊಂದಿಗೆ 5.6 ದಿನಗಳಿಗೊಮ್ಮೆ ಸುತ್ತುತ್ತಿರುವುದನ್ನು ಲೂಯಿಸ್ ವೆಬ್‌ಸ್ಟರ್ ಮತ್ತು ಪಾಲ್ ಮರ್ಡಿನ್ ಜೋಡಿಯೂ, ಪ್ರತ್ಯೇಕವಾಗಿ ಟಾಮ್ ಬೋಲ್ಟನ್ ಅವರೂ ಕಂಡುಕೊಂಡರು. 2021ರಲ್ಲಿ ಪ್ರಕಟವಾದ ಪರಿಷ್ಕೃತ ಅಳತೆಯಂತೆ ಆ ಸಂಗಾತಿಯ ದ್ರವ್ಯರಾಶಿ ಸುಮಾರು 21 ಸೂರ್ಯರಷ್ಟು, ದೂರ ಸುಮಾರು 7,200 ಜ್ಯೋತಿರ್ವರ್ಷ. ಸಿಗ್ನಸ್ ಎಕ್ಸ್-1 ಕಪ್ಪುಕುಳಿಯಲ್ಲವೆಂದು ಸ್ಟೀಫನ್ ಹಾಕಿಂಗ್ 1974ರಲ್ಲಿ ಕಿಪ್ ಥಾರ್ನ್ ಅವರೊಂದಿಗೆ ಪಣ ಕಟ್ಟಿ 1990ರಲ್ಲಿ ಸೋಲೊಪ್ಪಿದ ಕಥೆಯನ್ನು ನೀವು ಕೇಳಿರಬಹುದು. ತಮಾಷೆಯಾಗಿ ಹೇಳಲಾಗುವ ಆ ಪ್ರಸಂಗದ ಹಿಂದೆ, ಒಂದೆರಡು ಪುರಾವೆಗಳಿಗೆ ಈ ಕ್ಷೇತ್ರ ತೃಪ್ತವಾಗುವುದಿಲ್ಲವೆಂಬ ಗಂಭೀರ ಸಂಗತಿಯೂ ಇದೆ.

ಎಕ್ಸ್-ಕಿರಣ ಬಂದ ಮಾತ್ರಕ್ಕೆ ಅದು ಕಪ್ಪುಕುಳಿಯಾಗಬೇಕಿಲ್ಲ. ನ್ಯೂಟ್ರಾನ್ ನಕ್ಷತ್ರಗಳೂ ಹೀಗೆಯೇ ಅನಿಲವನ್ನು ಸೆಳೆದು ಬೆಳಗುತ್ತವೆ. ಆದರೆ ನ್ಯೂಟ್ರಾನ್ ನಕ್ಷತ್ರಕ್ಕೆ ಗಟ್ಟಿಯಾದ ಮೇಲ್ಮೈ ಇದೆ. ಅಲ್ಲಿ ಶೇಖರವಾದ ಅನಿಲ ಆಗಾಗ ಪರಮಾಣು ಸ್ಫೋಟಕ್ಕೆ ಒಳಗಾಗಿ ಕೆಲವು ಸೆಕೆಂಡುಗಳ ಕಾಲ ಎಕ್ಸ್-ಕಿರಣಗಳ ಭಾರೀ ಹೊಳಪನ್ನು ಕಾರುತ್ತದೆ. ಮೂರು ಸೂರ್ಯರಿಗಿಂತ ಭಾರವೆಂದು ಅಳೆಯಲಾದ ಕಾಯಗಳಲ್ಲಿ ಇಂಥ ಹೊಳಪು ಕಂಡುಬಂದಿಲ್ಲ. ಬಿದ್ದದ್ದು ನಿಲ್ಲಲು ಅಲ್ಲಿ ನೆಲವೇ ಇಲ್ಲವೆಂಬುದಕ್ಕೆ ಇದು ಪರೋಕ್ಷವಾದರೂ ನನ್ನ ಅಭಿಪ್ರಾಯದಲ್ಲಿ ಬಹಳ ಸೊಗಸಾದ ಸಾಕ್ಷ್ಯ.

ಎಕ್ಸ್-ಕಿರಣವೂ ಇಲ್ಲದೆ ಬರೀ ನಕ್ಷತ್ರದ ಓಲಾಟವನ್ನು ನಂಬಿ ಹೊರಟಾಗ ಎಡವುವ ಅಪಾಯ ಹೆಚ್ಚು. 2019ರಲ್ಲಿ ಎಲ್‌ಬಿ-1 ಎಂಬ ಜೋಡಿಯಲ್ಲಿ 70 ಸೂರ್ಯರಷ್ಟು ತೂಕದ ಕಪ್ಪುಕುಳಿಯಿದೆ ಎಂಬ ಸುದ್ದಿ ಬಂತು; ಕಪ್ಪುಕುಳಿಯ ಚಲನೆಯೆಂದು ಭಾವಿಸಿದ್ದ ರೋಹಿತ ಗೆರೆಯ ಅಲ್ಲಾಟ, ಅದರ ಮೇಲೆ ಬಿದ್ದಿದ್ದ ಇನ್ನೊಂದು ಗೆರೆಯಿಂದಾದ ತೋರಿಕೆಯಷ್ಟೇ ಎಂದು ಬೇಗನೆ ಬಯಲಾಯಿತು. 2020ರಲ್ಲಿ ಎಚ್‌ಆರ್ 6819 ಎಂಬಲ್ಲಿ, ಸುಮಾರು 1,000 ಜ್ಯೋತಿರ್ವರ್ಷ ದೂರದಲ್ಲಿ, ಎಲ್ಲಕ್ಕಿಂತ ಹತ್ತಿರದ ಕಪ್ಪುಕುಳಿ ಸಿಕ್ಕಿತೆಂದು ಘೋಷಿಸಲಾಯಿತು. ಎರಡು ವರ್ಷಗಳ ನಂತರ ಇನ್ನೂ ಸೂಕ್ಷ್ಮವಾಗಿ ನೋಡಿದಾಗ ಅಲ್ಲಿದ್ದದ್ದು ಎರಡು ಸಾಮಾನ್ಯ ನಕ್ಷತ್ರಗಳು. ಒಂದು ಇನ್ನೊಂದರ ಹೊರಪದರವನ್ನು ಕಿತ್ತುಕೊಂಡಿದ್ದರಿಂದ, ಹಗುರವಾದ ನಕ್ಷತ್ರ ಭಾರವಾದದ್ದರಂತೆ ಕಾಣುತ್ತಿತ್ತು. ಹೀಗಾಗಿ ಗಯಾ ಉಪಗ್ರಹದ ವಿಧಾನ ಹೆಚ್ಚು ಭರವಸೆ ಹುಟ್ಟಿಸುತ್ತದೆ. ಅದು ನಕ್ಷತ್ರಗಳ ಸ್ಥಾನವನ್ನೇ ಅತಿಸೂಕ್ಷ್ಮವಾಗಿ ಅಳೆದು, ಆಕಾಶದಲ್ಲಿ ಅವು ಬರೆಯುವ ಪುಟ್ಟ ಕಕ್ಷೆಯನ್ನು ತೋರಿಸುವುದರಿಂದ ಓರೆಯ ಅನಿಶ್ಚಿತತೆ ನಿವಾರಣೆಯಾಗುತ್ತದೆ. 2022ರಲ್ಲಿ ಪ್ರಕಟವಾದ ಗಯಾ ಬಿಎಚ್1 ಸುಮಾರು 1,560 ಜ್ಯೋತಿರ್ವರ್ಷ ದೂರದಲ್ಲಿದ್ದು, ಸೂರ್ಯನಂಥದೇ ನಕ್ಷತ್ರವೊಂದು 186 ದಿನಗಳಿಗೊಮ್ಮೆ ಒಂಬತ್ತೂವರೆ ಸೂರ್ಯರಷ್ಟು ತೂಕದ ಕಾಣದ ಕಾಯವನ್ನು ಸುತ್ತುತ್ತಿದೆ. 2024ರಲ್ಲಿ ಪ್ರಕಟವಾದ ಗಯಾ ಬಿಎಚ್3ರ ತೂಕ ಸುಮಾರು 33 ಸೂರ್ಯರಷ್ಟು. ಇವೆರಡೂ ಅನಿಲವನ್ನು ನುಂಗದೆ ಸದ್ದಿಲ್ಲದೆ ಇದ್ದ ಕಾರಣ ಎಕ್ಸ್-ಕಿರಣ ದೂರದರ್ಶಕಗಳ ಕಣ್ಣಿಗೆ ಬಿದ್ದಿರಲಿಲ್ಲ.

ದೈತ್ಯ ಕಪ್ಪುಕುಳಿಗಳ ವಿಷಯಕ್ಕೆ ಬಂದರೆ, ನಮ್ಮ ಕ್ಷೀರಪಥದ ಕೇಂದ್ರದಲ್ಲಿ ಸಿಕ್ಕ ಪುರಾವೆಗೆ ಸಾಟಿಯಾದದ್ದು ಬೇರೆ ಇಲ್ಲ. ಧನು ರಾಶಿಯ ದಿಕ್ಕಿನಲ್ಲಿ, ಸುಮಾರು 27,000 ಜ್ಯೋತಿರ್ವರ್ಷ ದೂರದಲ್ಲಿರುವ ಈ ಕೇಂದ್ರದಿಂದ ಹೊರಟ ಕಣ್ಣಿಗೆ ಕಾಣುವ ಬೆಳಕಿನಲ್ಲಿ ಲಕ್ಷ ಕೋಟಿಗೆ ಒಂದು ಪಾಲು ಮಾತ್ರ ನಡುವಿನ ಧೂಳನ್ನು ದಾಟಿ ನಮ್ಮನ್ನು ತಲುಪುತ್ತದೆ. ಅವಕೆಂಪು ಕಿರಣಗಳು ಅದಕ್ಕಿಂತ ಎಷ್ಟೋ ಸಲೀಸಾಗಿ ಬರುತ್ತವೆ. ಅಲ್ಲಿ ಸ್ಯಾಜಿಟೇರಿಯಸ್ ಎ-ಸ್ಟಾರ್ ಎಂಬ ಪುಟ್ಟ ರೇಡಿಯೋ ಆಕರವಿರುವುದು 1974ರಲ್ಲೇ ತಿಳಿದಿತ್ತು. ಅದರ ಸುತ್ತಲಿನ ನಕ್ಷತ್ರಗಳನ್ನು 1990ರ ದಶಕದಿಂದ ಎರಡು ತಂಡಗಳು ಪೈಪೋಟಿಯಿಂದ ಹಿಂಬಾಲಿಸಿದವು: ಚಿಲಿಯ ದೂರದರ್ಶಕಗಳಲ್ಲಿ ರೈನ್‌ಹಾರ್ಡ್ ಗೆಂಜೆಲ್ ಅವರ ತಂಡ, ಹವಾಯಿಯ ಕೆಕ್ ದೂರದರ್ಶಕಗಳಲ್ಲಿ ಆಂಡ್ರಿಯಾ ಗೆಜ್ ಅವರ ತಂಡ. ಗಾಳಿಯ ಅಲ್ಲಾಟದಿಂದ ಚಿತ್ರ ಮಸುಕಾಗದಂತೆ ಕನ್ನಡಿಯ ಆಕಾರವನ್ನೇ ಸೆಕೆಂಡಿಗೆ ನೂರಾರು ಬಾರಿ ತಿದ್ದುವ ತಂತ್ರಜ್ಞಾನ ಬಂದ ಮೇಲೆ ಈ ಕೆಲಸ ಬಹಳ ನಿಖರವಾಯಿತು. ಎಸ್2 ಎಂಬ ನಕ್ಷತ್ರ ಆ ಬಿಂದುವನ್ನು 16 ವರ್ಷಗಳಿಗೊಮ್ಮೆ ಸುತ್ತುತ್ತದೆ. 2002ರಲ್ಲಿ ಮತ್ತು 2018ರ ಮೇ ತಿಂಗಳಲ್ಲಿ ಅದು ಅತಿ ಸಮೀಪಕ್ಕೆ ಬಂದಾಗ ನಡುವಿನ ಅಂತರ ಸೂರ್ಯನಿಗೂ ನೆಪ್ಚೂನ್‌ಗೂ ಇರುವ ಅಂತರದ ನಾಲ್ಕು ಪಟ್ಟು ಮಾತ್ರ. ವೇಗ ಸೆಕೆಂಡಿಗೆ ಸುಮಾರು 7,700 ಕಿಲೋಮೀಟರ್. ನಕ್ಷತ್ರವೊಂದನ್ನು ಅಷ್ಟು ವೇಗದಲ್ಲಿ ತಿರುಗಿಸಿ ಕಳುಹಿಸಲು ಆ ಕಿರಿದಾದ ಜಾಗದಲ್ಲಿ ಸುಮಾರು 43 ಲಕ್ಷ ಸೂರ್ಯರಷ್ಟು ದ್ರವ್ಯರಾಶಿ ಇರಬೇಕು.

ಅದು ಕತ್ತಲ ನಕ್ಷತ್ರಗಳ ದಟ್ಟ ಗುಂಪಾಗಿರಬಾರದೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಆದರೆ ಅಷ್ಟು ಇಕ್ಕಟ್ಟಿನಲ್ಲಿ ಅಂಥ ಗುಂಪು ಬಹುಕಾಲ ಉಳಿಯಲಾರದು; ಗ್ಯಾಲಕ್ಸಿಯ ವಯಸ್ಸಿಗೆ ಹೋಲಿಸಿದರೆ ಅಲ್ಪಾವಧಿಯಲ್ಲೇ ಚದುರಿಹೋಗಬೇಕು, ಇಲ್ಲವೇ ಕುಸಿದು ಕಪ್ಪುಕುಳಿಯೇ ಆಗಬೇಕು. 2018ರ ಸಮಾಗಮದಲ್ಲಿ ಎಸ್2ರ ಬೆಳಕು ಗುರುತ್ವದಿಂದಾಗಿ ಕೆಂಪಿಗೆ ಜರುಗಿದ್ದೂ, 2020ರಲ್ಲಿ ವರದಿಯಾದ ಅದರ ಕಕ್ಷೆಯ ನಿಧಾನವಾದ ತಿರುಗುವಿಕೆಯೂ ಐನ್‌ಸ್ಟೈನರ ಸಿದ್ಧಾಂತಕ್ಕೆ ಹೊಂದಿಕೆಯಾದವು. ಗೆಂಜೆಲ್ ಮತ್ತು ಗೆಜ್ ಅವರಿಗೆ 2020ರ ನೊಬೆಲ್ ಬಂದಾಗ ಸಮಿತಿ ಬಳಸಿದ ಪದವನ್ನು ಗಮನಿಸಬೇಕು: ಅದು ಕಪ್ಪುಕುಳಿ ಎನ್ನದೆ, ಅತಿ ಭಾರವಾದ ಸಾಂದ್ರ ಕಾಯ ಎಂದಿತು. ಅಳೆದದ್ದಕ್ಕಿಂತ ಒಂದಿಷ್ಟೂ ಹೆಚ್ಚು ಹೇಳದ ಈ ಎಚ್ಚರ ನನಗೆ ಮೆಚ್ಚುಗೆಯಾದದ್ದು.

ಬೇರೆ ಗ್ಯಾಲಕ್ಸಿಗಳಲ್ಲಿ ಒಂಟಿ ನಕ್ಷತ್ರಗಳನ್ನು ಹೀಗೆ ಹಿಂಬಾಲಿಸಲಾಗದು. ಅಲ್ಲಿ ಕೇಂದ್ರದ ಸುತ್ತ ನಕ್ಷತ್ರಗಳ ಅಥವಾ ಅನಿಲದ ಒಟ್ಟಾರೆ ವೇಗವನ್ನು ಅಳೆಯುತ್ತಾರೆ. ಎನ್‌ಜಿಸಿ 4258 ಎಂಬ ಗ್ಯಾಲಕ್ಸಿಯಲ್ಲಿ ನೀರಿನ ಅಣುಗಳು ಹೊಮ್ಮಿಸುವ ರೇಡಿಯೋ ಅಲೆಗಳಿಂದ ತಟ್ಟೆಯ ತಿರುಗುವಿಕೆಯನ್ನು 1995ರಲ್ಲಿ ಗುರುತಿಸಿದ್ದು ಈ ಬಗೆಯ ಅಳತೆಗಳಲ್ಲಿ ಅತ್ಯಂತ ಶುದ್ಧವಾದದ್ದು. ಅಲ್ಲಿನ ಕೇಂದ್ರದ ತೂಕ ಸುಮಾರು 4 ಕೋಟಿ ಸೂರ್ಯರಷ್ಟು. ಮಾರ್ಟೆನ್ ಸ್ಮಿತ್ 1963ರಲ್ಲಿ 3ಸಿ 273 ಎಂಬ ಕ್ವೇಸಾರಿನ ದೂರವನ್ನು ಗುರುತಿಸಿದಂದಿನಿಂದ ಒಗಟಾಗಿದ್ದ, ಬಹುದೂರದಿಂದಲೂ ಅತಿ ಪ್ರಖರವಾಗಿ ಹೊಳೆಯುವ ಗ್ಯಾಲಕ್ಸಿ ಕೇಂದ್ರಗಳಾದ ಕ್ವೇಸಾರ್‌ಗಳ ಪ್ರಖರತೆಗೂ ಇಂಥ ದೈತ್ಯ ಕಪ್ಪುಕುಳಿಗಳೇ ಕಾರಣ.

ಇಲ್ಲಿಯವರೆಗೆ ಹೇಳಿದ್ದೆಲ್ಲ ಬೆಳಕಿನ ಒಂದಲ್ಲ ಒಂದು ರೂಪವನ್ನು ಆಧರಿಸಿದ್ದು. 2015ರ ಸೆಪ್ಟೆಂಬರ್ 14ರಂದು ಬೆಳಕಿನ ಹಂಗೇ ಇಲ್ಲದ ದಾರಿ ತೆರೆಯಿತು. ಎರಡು ಕಪ್ಪುಕುಳಿಗಳು ಒಂದನ್ನೊಂದು ಸುತ್ತುತ್ತಾ ಹತ್ತಿರವಾಗಿ ಬೆಸೆದುಕೊಳ್ಳುವಾಗ ದೇಶ-ಕಾಲವೇ ಅಲುಗಿ ಅಲೆಗಳೇಳುತ್ತವೆ. ಅಮೆರಿಕದ ಹ್ಯಾನ್‌ಫರ್ಡ್ ಮತ್ತು ಲಿವಿಂಗ್‌ಸ್ಟನ್‌ಗಳಲ್ಲಿರುವ ಲೈಗೋ ಉಪಕರಣಗಳು, ಒಂದಕ್ಕೊಂದು ಲಂಬವಾದ 4 ಕಿಲೋಮೀಟರ್ ಉದ್ದದ ಎರಡು ತೋಳುಗಳಲ್ಲಿ ಲೇಸರ್ ಹಾಯಿಸಿ, ತೋಳುಗಳ ಉದ್ದದಲ್ಲಾಗುವ ವ್ಯತ್ಯಾಸವನ್ನು ಪ್ರೋಟಾನಿನ ವ್ಯಾಸದ ಸಾವಿರದಲ್ಲೊಂದು ಪಾಲಿಗಿಂತಲೂ ಸೂಕ್ಷ್ಮವಾಗಿ ಹಿಡಿಯಬಲ್ಲವು. ಸುಮಾರು 3,000 ಕಿಲೋಮೀಟರ್ ಅಂತರದಲ್ಲಿರುವ ಎರಡೂ ಕಡೆ ಒಂದೇ ಬಗೆಯ ಸಂಕೇತ 7 ಮಿಲಿಸೆಕೆಂಡುಗಳ ಅಂತರದಲ್ಲಿ ದಾಖಲಾದದ್ದರಿಂದ ಅದು ಸ್ಥಳೀಯ ಕಂಪನವಲ್ಲವೆಂದು ಖಚಿತವಾಯಿತು.

ಆ ಸಂಕೇತ ಉಳಿದದ್ದು ಸೆಕೆಂಡಿನ ಐದನೆಯ ಒಂದು ಭಾಗದಷ್ಟು ಕಾಲ. ಅಷ್ಟರಲ್ಲಿ ಅದರ ಆವರ್ತನ 35 ಹರ್ಟ್ಸ್‌ನಿಂದ 250 ಹರ್ಟ್ಸ್‌ವರೆಗೆ ಏರಿತು. ಮೊದಲು ಹೇಳಿದ ಎರಡು ಅಳತೆಗಳೂ ಈ ಏರಿಕೆಯಲ್ಲೇ ಅಡಗಿವೆ. ಆವರ್ತನ ಎಷ್ಟು ಬೇಗ ಏರುತ್ತದೆ ಎಂಬುದರಿಂದ ದ್ರವ್ಯರಾಶಿ ಸಿಗುತ್ತದೆ: ಇಲ್ಲಿ ಒಂದು ಕಾಯ 36, ಇನ್ನೊಂದು 29 ಸೂರ್ಯರಷ್ಟು. ಅಲೆ ಅತಿ ಪ್ರಬಲವಾಗಿದ್ದಾಗ ಅವು ಸೆಕೆಂಡಿಗೆ ಸುಮಾರು 75 ಬಾರಿ ಸುತ್ತುತ್ತಿದ್ದವು. ಅಷ್ಟು ಭಾರದ ಕಾಯಗಳು ಅಷ್ಟು ಬೇಗ ಸುತ್ತಬೇಕಾದರೆ ಅವುಗಳ ಕೇಂದ್ರಗಳ ನಡುವೆ ಇರಬಹುದಾದ ಅಂತರ ಸುಮಾರು 350 ಕಿಲೋಮೀಟರ್ ಮಾತ್ರ. ಇನ್ನೂ ಒಂದಕ್ಕೊಂದು ತಗುಲದೆ ಅಷ್ಟು ಹತ್ತಿರ ಬರಲು ನಕ್ಷತ್ರಗಳಿಗೆ ಸಾಧ್ಯವಿಲ್ಲ. ನ್ಯೂಟ್ರಾನ್ ನಕ್ಷತ್ರಗಳಿಗೆ ಅಷ್ಟು ತೂಕವಿರುವುದಿಲ್ಲ. ಬೆಸೆದ ಮೇಲೆ ಉಳಿದದ್ದು 62 ಸೂರ್ಯರಷ್ಟು ತೂಕದ ಒಂದೇ ಕಪ್ಪುಕುಳಿ. ಮಿಕ್ಕ ಮೂರು ಸೂರ್ಯರಷ್ಟು ದ್ರವ್ಯ ಗುರುತ್ವ ಅಲೆಗಳ ಶಕ್ತಿಯಾಗಿ ಹೋಯಿತು. ಬೆಸುಗೆಯ ಬಳಿಕ ಹೊಸ ಕಪ್ಪುಕುಳಿ ಬಾರಿಸಿದ ಗಂಟೆಯಂತೆ ಕ್ಷಣಕಾಲ ಕಂಪಿಸಿ ತಣ್ಣಗಾಗುತ್ತದೆ. ಈ ಕ್ಷೀಣಿಸುವ ಕಂಪನವನ್ನು 1970ರಲ್ಲಿಯೇ ಲೆಕ್ಕಾಚಾರದಿಂದ ತೋರಿಸಿದವರು ಸಿ. ವಿ. ವಿಶ್ವೇಶ್ವರ. ಕಂಪನದ ಸ್ವರೂಪ ಕಪ್ಪುಕುಳಿಯ ದ್ರವ್ಯರಾಶಿ ಮತ್ತು ತಿರುಗುವಿಕೆಯನ್ನಷ್ಟೇ ಅವಲಂಬಿಸುವುದರಿಂದ, ಬೇರೆ ಕಾಯಗಳಿಂದ ಅದನ್ನು ಪ್ರತ್ಯೇಕಿಸಲು ಇದಕ್ಕಿಂತ ನೇರವಾದ ಗುರುತು ಬೇರೊಂದಿಲ್ಲ.

ಈಗ ನಿಮ್ಮ ಎರಡನೆಯ ಪ್ರಶ್ನೆ. 2019ರ ಏಪ್ರಿಲ್ 10ರಂದು ಪ್ರಕಟವಾದದ್ದು ಎಂ87 ಗ್ಯಾಲಕ್ಸಿಯ ಕೇಂದ್ರದ ಚಿತ್ರ. ಕ್ಯಾಮೆರಾದಲ್ಲಿ ಒಮ್ಮೆಗೇ ತೆಗೆದ ಛಾಯಾಚಿತ್ರವೆಂಬ ಅರ್ಥದಲ್ಲಿ ಅದು ಫೋಟೋ ಅಲ್ಲ, ಆದರೆ ಕಲಾವಿದರ ಕಲ್ಪನೆಯೂ ಅಲ್ಲ. ಐದೂವರೆ ಕೋಟಿ ಜ್ಯೋತಿರ್ವರ್ಷ ದೂರದ ಆ ಉಂಗುರದ ವ್ಯಾಸ ನಮಗೆ ಕಾಣುವುದು, ಚಂದ್ರನ ಮೇಲಿರುವ ಎಂಟು ಸೆಂಟಿಮೀಟರ್ ಅಗಲದ ವಸ್ತುವಿನಷ್ಟು. 1.3 ಮಿಲಿಮೀಟರ್ ತರಂಗಾಂತರದಲ್ಲಿ ಅದನ್ನು ಬಿಡಿಸಿ ನೋಡಲು ಭೂಮಿಯಷ್ಟೇ ದೊಡ್ಡ ದೂರದರ್ಶಕ ಬೇಕು. ಆದ್ದರಿಂದ ಸ್ಪೇನ್, ಚಿಲಿ, ಹವಾಯಿ, ಮೆಕ್ಸಿಕೋ, ಅರಿಜೋನಾ ಮತ್ತು ದಕ್ಷಿಣ ಧ್ರುವಗಳಲ್ಲಿರುವ ಎಂಟು ರೇಡಿಯೋ ದೂರದರ್ಶಕಗಳು 2017ರ ಏಪ್ರಿಲ್‌ನಲ್ಲಿ ಪರಮಾಣು ಗಡಿಯಾರಗಳ ನೆರವಿನಿಂದ ಏಕಕಾಲಕ್ಕೆ ಅಲೆಗಳನ್ನು ದಾಖಲಿಸಿದವು. ಅಂತರಜಾಲದಲ್ಲಿ ಕಳುಹಿಸಲಾಗದಷ್ಟು ದತ್ತಾಂಶವಿದ್ದುದರಿಂದ ಹಾರ್ಡ್ ಡಿಸ್ಕ್‌ಗಳನ್ನೇ ವಿಮಾನದಲ್ಲಿ ಸಾಗಿಸಬೇಕಾಯಿತು. ದಕ್ಷಿಣ ಧ್ರುವದವಂತೂ ಅಲ್ಲಿನ ಚಳಿಗಾಲ ಮುಗಿಯುವವರೆಗೆ ಕಾಯಬೇಕಾಯಿತು. ಕೆಲವೇ ಸ್ಥಳಗಳ ಅಳತೆಯಿಂದ ಪೂರ್ಣ ಚಿತ್ರವನ್ನು ಕಟ್ಟುವಾಗ ನಿರೀಕ್ಷೆಯೇ ಚಿತ್ರವಾಗಿಬಿಡುವ ಅಪಾಯವಿದ್ದುದರಿಂದ, ನಾಲ್ಕು ತಂಡಗಳು ಪರಸ್ಪರ ಮಾತಾಡದೆ ಬೇರೆ ಬೇರೆಯಾಗಿ ಚಿತ್ರ ರಚಿಸಿ ಹೋಲಿಸಿದವು. ಎಲ್ಲರಿಗೂ ಉಂಗುರವೇ ಸಿಕ್ಕಿತು. ಬಣ್ಣ ಮಾತ್ರ ನಮ್ಮ ಅನುಕೂಲಕ್ಕೆ ಹಾಕಿದ್ದು. ರೇಡಿಯೋ ಅಲೆಗೆ ಕಿತ್ತಳೆ ಬಣ್ಣವಿಲ್ಲ.

ಉಂಗುರದ ನಡುವಿನ ಕಪ್ಪು, ಘಟನಾ ದಿಗಂತದ ಸುಮಾರು ಎರಡೂವರೆ ಪಟ್ಟು ಅಗಲವಾದ ಅದರ ನೆರಳು. ಈ ಚಿತ್ರದಿಂದ ಆದ ನಿಜವಾದ ಲಾಭ ಸುದ್ದಿಗಳಲ್ಲಿ ಹೆಚ್ಚು ಬರಲಿಲ್ಲ. ಎಂ87ರ ಕೇಂದ್ರವನ್ನು ನಕ್ಷತ್ರಗಳ ಚಲನೆಯಿಂದ ಅಳೆದವರು 660 ಕೋಟಿ ಸೂರ್ಯರಷ್ಟು ಎಂದೂ, ಅನಿಲದ ಚಲನೆಯಿಂದ ಅಳೆದವರು 350 ಕೋಟಿ ಎಂದೂ ಹೇಳುತ್ತಿದ್ದರು. ಉಂಗುರದ ಗಾತ್ರ 650 ಕೋಟಿಯನ್ನು ಸೂಚಿಸಿ ನಕ್ಷತ್ರಗಳ ಪಕ್ಷವನ್ನು ಎತ್ತಿಹಿಡಿಯಿತು. ನಮ್ಮ ಕ್ಷೀರಪಥದ ಕೇಂದ್ರದ ಚಿತ್ರ 2022ರ ಮೇ 12ರಂದು ಬಂತು. ಆಕಾಶದಲ್ಲಿ ಅದರ ತೋರಿಕೆಯ ಗಾತ್ರ ಸ್ವಲ್ಪ ದೊಡ್ಡದೇ ಆಗಿದ್ದರೂ, ಅಲ್ಲಿನ ಅನಿಲ ನಿಮಿಷಗಳಲ್ಲಿ ಸುತ್ತು ಮುಗಿಸುತ್ತಾ ವೀಕ್ಷಣೆಯ ನಡುವೆಯೇ ರೂಪ ಬದಲಿಸುವುದರಿಂದ ಆ ಚಿತ್ರ ಇನ್ನಷ್ಟು ಕಷ್ಟದ್ದಾಯಿತು.

ಕೊನೆಯದಾಗಿ, ಸಂಗಾತಿಯೂ ಅನಿಲವೂ ಇಲ್ಲದ ಒಂಟಿ ಕಪ್ಪುಕುಳಿ. ಕ್ಷೀರಪಥದಲ್ಲಿ ಸುಮಾರು ಹತ್ತು ಕೋಟಿ ನಕ್ಷತ್ರಗಾತ್ರದ ಕಪ್ಪುಕುಳಿಗಳಿರಬಹುದೆಂಬ ಅಂದಾಜಿದ್ದು, ಅವುಗಳಲ್ಲಿ ಬಹುಪಾಲು ಹೀಗೆಯೇ ಇರಬೇಕು. ಅಂಥದ್ದೊಂದು ದೂರದ ನಕ್ಷತ್ರದ ಮುಂದೆ ಹಾದುಹೋದರೆ ಅದರ ಗುರುತ್ವ ಹಿಂದಿನ ಬೆಳಕನ್ನು ಬಾಗಿಸಿ, ಆ ನಕ್ಷತ್ರ ಕೆಲಕಾಲ ಹೆಚ್ಚು ಪ್ರಖರವಾಗಿಯೂ ತನ್ನ ಸ್ಥಾನದಿಂದ ತುಸು ಸರಿದಂತೆಯೂ ಕಾಣುವಂತೆ ಮಾಡುತ್ತದೆ. ಪ್ರಖರತೆ ಮಾತ್ರ ಸಿಕ್ಕರೆ ಅಡ್ಡ ಬಂದದ್ದು ಹಗುರವಾದ ನಿಧಾನದ ಕಾಯವೋ ಭಾರವಾದ ವೇಗದ ಕಾಯವೋ ತಿಳಿಯುವುದಿಲ್ಲ. ಸ್ಥಾನಪಲ್ಲಟವೂ ಸಿಕ್ಕರೆ ತೂಕ ತಿಳಿಯುತ್ತದೆ. 2011ರಲ್ಲಿ, ನಕ್ಷತ್ರಗಳ ಇಂಥ ಪ್ರಖರತೆಯ ಏರಿಕೆಗಾಗಿ ಆಕಾಶವನ್ನು ಗಮನಿಸುವ ಓಗಲ್ ಮತ್ತು ಮೋವಾ ಸಮೀಕ್ಷೆಗಳು ಇಂಥ ಒಂದು ಘಟನೆಯನ್ನು ಗುರುತಿಸಿದವು; ಹಬಲ್ ದೂರದರ್ಶಕ ಆ ನಕ್ಷತ್ರದ ಅತ್ಯಲ್ಪ ಸರಿತವನ್ನು ವರ್ಷಗಳ ಕಾಲ ಅಳೆಯಿತು. 2022ರಲ್ಲಿ ಎರಡು ತಂಡಗಳು ಫಲಿತಾಂಶ ಪ್ರಕಟಿಸಿದಾಗ ಒಂದು ತಂಡದ ಅಂಕಿ ನ್ಯೂಟ್ರಾನ್ ನಕ್ಷತ್ರದ ಸಾಧ್ಯತೆಗೂ ಎಡೆಕೊಡುವಂತಿತ್ತು. ಮರುವಿಶ್ಲೇಷಣೆಯ ಬಳಿಕ ಈಗ ಆರೇಳು ಸೂರ್ಯರಷ್ಟು ಎಂಬಲ್ಲಿಗೆ ಅಭಿಪ್ರಾಯಗಳು ಕೂಡಿವೆ. ಸುಮಾರು 5,000 ಜ್ಯೋತಿರ್ವರ್ಷ ದೂರದ ಆ ಕಾಯದಿಂದ ಬೆಳಕು ಬರುತ್ತಿಲ್ಲ, ಹತ್ತಿರ ಸಂಗಾತಿಯೂ ಇಲ್ಲ. ಹೀಗಾಗಿ ನಿಮ್ಮ ಮೂರನೆಯ ಪ್ರಶ್ನೆಗೆ ಉತ್ತರ: ಸಾಧ್ಯ, ಆದರೆ ಅದು ಯಾವುದಾದರೊಂದು ನಕ್ಷತ್ರಕ್ಕೆ ಸರಿಯಾಗಿ ಅಡ್ಡ ಬರಬೇಕು; ಒಮ್ಮೆ ಹಾದುಹೋದ ಮೇಲೆ ಆ ಅಳತೆಯನ್ನು ಪುನಃ ಮಾಡಿ ನೋಡುವ ಅವಕಾಶ ಸಿಗುವುದಿಲ್ಲ.